ರಕ್ತದ ಗುಂಪು: ಕೇಳಿದ ಪ್ರಶ್ನೆಗಷ್ಟೇ ಸಿಗುವ ಉತ್ತರ

"ಅಪ್ಪನದು ಎ, ಅಮ್ಮನದು ಬಿ, ಮಗುವಿನದು ಮಾತ್ರ ಓ ಎಂದು ಬಂದಿದೆ. ಇದು ಹೇಗೆ ಸಾಧ್ಯ?" ರಕ್ತ ಪರೀಕ್ಷೆಯ ಪ್ರಯೋಗಾಲಯದಲ್ಲಿ ಕೆಲಸ ಮಾಡುವವರಿಗೆ ಈ ಪ್ರಶ್ನೆ ಹೊಸತಲ್ಲ. ಕೇಳುವವರು ಸಾಮಾನ್ಯವಾಗಿ ಒಬ್ಬರೇ ಬಂದು, ದನಿ ತಗ್ಗಿಸಿ ಕೇಳುತ್ತಾರೆ. ವರದಿಯಲ್ಲಿ ಏನಾದರೂ ತಪ್ಪಾಗಿರಬಹುದೇ ಎಂಬ ಮಾತಿನ ಹಿಂದೆ, ಬಾಯಿಬಿಟ್ಟು ಹೇಳಲಾಗದ ಇನ್ನೊಂದು ಸಂಶಯ ಇರುತ್ತದೆ. ಸಾಧ್ಯ, ಇದರಲ್ಲಿ ಅಸಹಜವಾದದ್ದೇನೂ ಇಲ್ಲ ಎಂದು ಒಂದೇ ಮಾತಿನಲ್ಲಿ ಹೇಳಿ ಕಳುಹಿಸಬಹುದು. ಆದರೆ ಅಷ್ಟಕ್ಕೇ ಆ ಸಂಶಯ ಪೂರ್ತಿ ಹೋಗುವುದಿಲ್ಲ. ಕಾರಣ ತಿಳಿದರೆ ಮಾತ್ರ ಹೋಗುತ್ತದೆ. ಆ ಕಾರಣವನ್ನು, ಅದರ ಜೊತೆಗೆ ಯಾರ ರಕ್ತ ಯಾರಿಗೆ ಹೊಂದುತ್ತದೆ ಎಂಬುದರ ಹಿಂದಿರುವ ತರ್ಕವನ್ನು ಸ್ವಲ್ಪ ವಿವರವಾಗಿ ಬರೆದಿಡುತ್ತಿದ್ದೇನೆ.

ಯಾರು ಯಾರಿಗೆ ರಕ್ತ ಕೊಡಬಹುದು ಎಂಬ ಕೋಷ್ಟಕ ಬಹಳ ಜನರಿಗೆ ಶಾಲೆಯ ದಿನಗಳಿಂದಲೇ ಬಾಯಿಪಾಠವಾಗಿರುತ್ತದೆ. ಹೆಸರು, ಜನ್ಮದಿನಾಂಕಗಳ ಸಾಲಿನಲ್ಲಿ ರಕ್ತದ ಗುಂಪನ್ನೂ ಬರೆದು ಬರೆದು, ಅದು ನಮ್ಮ ಗುರುತಿನದೇ ಒಂದು ಭಾಗ ಎನ್ನುವಷ್ಟು ಒಗ್ಗಿಹೋಗಿದ್ದೇವೆ. ಪ್ರಯೋಗಾಲಯದ ಮೇಜಿನ ಈಚೆಯಿಂದ ನೋಡುವವರಿಗೆ ಅದು ಬೇರೆ ಬಗೆಯಲ್ಲಿ ಕಾಣುತ್ತದೆ: ಎರಡು ಮೂರು ನಿರ್ದಿಷ್ಟ ಪ್ರಶ್ನೆಗಳನ್ನು ರಕ್ತಕ್ಕೆ ಕೇಳಿದ್ದೇವೆ, ಅವಕ್ಕೆ ಸಿಕ್ಕ ಉತ್ತರವನ್ನು ಚೀಟಿಯಲ್ಲಿ ಬರೆದಿದ್ದೇವೆ. ಕೇಳದೆ ಬಿಟ್ಟ ಪ್ರಶ್ನೆಗಳ ಉತ್ತರ ಆ ಚೀಟಿಯಲ್ಲಿ ಇರುವುದಿಲ್ಲ. ರಕ್ತ ವರ್ಗಾವಣೆಯಲ್ಲಿ ಎದುರಾಗುವ ಅಚ್ಚರಿಗಳಲ್ಲಿ ಬಹುಪಾಲು ಈ ಕೇಳದೆ ಬಿಟ್ಟ ಪ್ರಶ್ನೆಗಳಿಂದಲೇ ಹುಟ್ಟುತ್ತವೆ.

ಕೆಂಪು ರಕ್ತಕಣದ ಮೇಲ್ಮೈಯಿಂದ ಆರಂಭಿಸೋಣ. ಆ ಮೇಲ್ಮೈಯಲ್ಲಿ ಸಕ್ಕರೆಯ ಅಣುಗಳು ಒಂದಕ್ಕೊಂದು ಪೋಣಿಸಿಕೊಂಡಿರುವ ಪುಟ್ಟ ಸರಪಳಿಗಳು ಚಾಚಿಕೊಂಡಿರುತ್ತವೆ. ಸರಪಳಿಯ ತುದಿಗೆ ಫ್ಯೂಕೋಸ್ ಎಂಬ ಸಕ್ಕರೆ ಸೇರಿದಾಗ ಅದಕ್ಕೆ ಎಚ್ ಪ್ರತಿಜನಕ (ಆ್ಯಂಟಿಜೆನ್, ಅಂದರೆ ದೇಹದ ರೋಗನಿರೋಧಕ ವ್ಯವಸ್ಥೆ ಗುರುತಿಸುವ ಗುರುತು) ಎನ್ನುತ್ತಾರೆ. ಎ ಗುಂಪಿನವರ ದೇಹದಲ್ಲಿರುವ ಒಂದು ಕಿಣ್ವವು ಈ ಎಚ್ ಸರಪಳಿಗೆ ಎನ್-ಅಸಿಟೈಲ್ ಗ್ಯಾಲಕ್ಟೋಸಮೈನ್ ಎಂಬ ಇನ್ನೊಂದು ಸಕ್ಕರೆಯನ್ನು ಅಂಟಿಸುತ್ತದೆ. ಬಿ ಗುಂಪಿನವರ ಕಿಣ್ವವು ಅದೇ ಜಾಗಕ್ಕೆ ಗ್ಯಾಲಕ್ಟೋಸ್ ಅನ್ನು ಅಂಟಿಸುತ್ತದೆ. ಎರಡೂ ಕಿಣ್ವಗಳಿದ್ದವರ ಕಣಗಳ ಮೇಲೆ ಎರಡೂ ಬಗೆಯ ತುದಿಗಳಿರುತ್ತವೆ, ಅವರು ಎಬಿ. ಎರಡೂ ಇಲ್ಲದವರಲ್ಲಿ ಎಚ್ ಸರಪಳಿ ಇದ್ದ ಹಾಗೆಯೇ ಉಳಿಯುತ್ತದೆ, ಅವರು ಓ. ಎ ಮತ್ತು ಬಿ ಕಿಣ್ವಗಳ ನಡುವಿನ ಮುಖ್ಯ ವ್ಯತ್ಯಾಸ ಕೇವಲ ನಾಲ್ಕು ಅಮೈನೋ ಆಮ್ಲಗಳದ್ದು. ಓ ಗುಂಪಿನ ಅತಿ ಸಾಮಾನ್ಯ ರೂಪದಲ್ಲಂತೂ ಜೀನಿನ ಒಂದೇ ಒಂದು ಅಕ್ಷರ ಬಿಟ್ಟುಹೋಗಿ, ಅಲ್ಲಿಂದ ಮುಂದಿನ ಓದೆಲ್ಲ ತಪ್ಪಿ, ಕೆಲಸಕ್ಕೆ ಬಾರದ ಅರೆಬರೆ ಕಿಣ್ವವೊಂದು ತಯಾರಾಗುತ್ತದೆ. ಜಪಾನಿನ ವಿಜ್ಞಾನಿ ಫುಮಿಇಚಿರೊ ಯಮಮೊಟೊ ಮತ್ತು ಸಹೋದ್ಯೋಗಿಗಳು 1990ರಲ್ಲಿ ಪ್ರಕಟಿಸಿದ ಈ ವಿವರ ನನಗೆ ಈಗಲೂ ಬೆರಗು ಹುಟ್ಟಿಸುತ್ತದೆ. ತಪ್ಪಾದ ರಕ್ತ ಕೊಟ್ಟಾಗ ಪ್ರಾಣವನ್ನೇ ತೆಗೆಯಬಲ್ಲ ವ್ಯತ್ಯಾಸದ ಮೂಲ ಇಷ್ಟು ಸಣ್ಣದು.

ಇದು ಕಣದ ಮಾತಾಯಿತು. ಪ್ಲಾಸ್ಮಾದಲ್ಲಿ, ಅಂದರೆ ರಕ್ತದ ದ್ರವಭಾಗದಲ್ಲಿ ಇರುವುದು ಇದರ ಇನ್ನೊಂದು ಅರ್ಧ. ತನ್ನ ಕಣಗಳ ಮೇಲೆ ಯಾವ ಪ್ರತಿಜನಕ ಇಲ್ಲವೋ ಅದರ ವಿರುದ್ಧದ ಪ್ರತಿಕಾಯವನ್ನು, ಅಂದರೆ ಆ್ಯಂಟಿಬಾಡಿಯನ್ನು, ದೇಹವು ಮೊದಲೇ ತಯಾರಿಸಿ ಇಟ್ಟುಕೊಂಡಿರುತ್ತದೆ. ಎ ಗುಂಪಿನವರ ಪ್ಲಾಸ್ಮಾದಲ್ಲಿ ಬಿ ವಿರೋಧಿ, ಬಿ ಗುಂಪಿನವರಲ್ಲಿ ಎ ವಿರೋಧಿ, ಓ ಗುಂಪಿನವರಲ್ಲಿ ಎರಡೂ ಇರುತ್ತವೆ. ಎಬಿ ಗುಂಪಿನವರಲ್ಲಿ ಎರಡೂ ಇರುವುದಿಲ್ಲ. ಇಲ್ಲಿ ಒಂದು ವಿಚಿತ್ರವಿದೆ. ಸಾಮಾನ್ಯವಾಗಿ ಪ್ರತಿಕಾಯ ಹುಟ್ಟಬೇಕಾದರೆ ಆ ಹೊರಗಿನ ವಸ್ತು ಒಮ್ಮೆಯಾದರೂ ದೇಹವನ್ನು ಹೊಕ್ಕಿರಬೇಕು. ಬಿ ರಕ್ತವನ್ನು ಜನ್ಮದಲ್ಲೇ ಪಡೆಯದ ಎ ಗುಂಪಿನವರಲ್ಲಿ ಬಿ ವಿರೋಧಿ ಎಲ್ಲಿಂದ ಬಂತು? ನಮ್ಮ ಕರುಳಿನಲ್ಲಿ ನೆಲೆಸುವ ಬ್ಯಾಕ್ಟೀರಿಯಾಗಳ ಹೊರಕವಚದಲ್ಲಿ ಇದೇ ಬಗೆಯ ಸಕ್ಕರೆಗಳಿವೆ. ಹುಟ್ಟಿದ ಮೇಲೆ ಅವು ಕರುಳನ್ನು ಸೇರುತ್ತಿದ್ದಂತೆ ಮಗುವಿನ ದೇಹ ತನ್ನದಲ್ಲದ ಸಕ್ಕರೆಯನ್ನು ಗುರುತಿಸಿ ಪ್ರತಿಕಾಯ ತಯಾರಿಸತೊಡಗುತ್ತದೆ. ಹುಟ್ಟಿದಾಕ್ಷಣ ಮಗುವಿನ ಸ್ವಂತದ್ದಾದ ಎ ವಿರೋಧಿ ಅಥವಾ ಬಿ ವಿರೋಧಿ ಇರುವುದಿಲ್ಲ; ಮೂರರಿಂದ ಆರು ತಿಂಗಳ ಹೊತ್ತಿಗೆ ಅವು ಕಾಣಿಸಿಕೊಳ್ಳುತ್ತವೆ. ನವಜಾತ ಶಿಶುವಿನ ರಕ್ತದ ಗುಂಪನ್ನು ಕಣಗಳ ಪರೀಕ್ಷೆಯಿಂದಷ್ಟೇ ಹೇಳಿ, ಸ್ವಲ್ಪ ದೊಡ್ಡದಾದ ಮೇಲೆ ಮತ್ತೊಮ್ಮೆ ನೋಡಿಸಿ ಎನ್ನುವುದು ಇದರಿಂದಲೇ.

ಈ ಎರಡು ಅರ್ಧಗಳನ್ನು ಮೊದಲು ಜೋಡಿಸಿ ನೋಡಿದವರು ವಿಯೆನ್ನಾದ ಕಾರ್ಲ್ ಲ್ಯಾಂಡ್‌ಸ್ಟೈನರ್. ಅದಕ್ಕೂ ಮುಂಚೆ ರಕ್ತ ವರ್ಗಾವಣೆ ನಡೆದೇ ಇರಲಿಲ್ಲ ಎಂದಲ್ಲ. 1667ರಲ್ಲಿ ಫ್ರಾನ್ಸಿನ ವೈದ್ಯ ಝಾನ್ ಬಾಪ್ಟಿಸ್ಟ್ ಡೆನಿ ಕುರಿಯ ರಕ್ತವನ್ನು ಮನುಷ್ಯನಿಗೆ ಹರಿಸಿದ್ದರು. 19ನೆಯ ಶತಮಾನದ ಆರಂಭದಲ್ಲಿ ಲಂಡನ್ನಿನ ಜೇಮ್ಸ್ ಬ್ಲಂಡೆಲ್, ಹೆರಿಗೆಯ ನಂತರದ ರಕ್ತಸ್ರಾವದಿಂದ ಸಾಯುತ್ತಿದ್ದ ತಾಯಂದಿರಿಗೆ ಮನುಷ್ಯರ ರಕ್ತವನ್ನೇ ಕೊಟ್ಟು ನೋಡಿದ್ದರು. ಕೆಲವರು ಬದುಕಿದರು, ಕೆಲವರು ಸತ್ತರು, ಯಾಕೆಂದು ಯಾರಿಗೂ ತಿಳಿಯಲಿಲ್ಲ. ಲ್ಯಾಂಡ್‌ಸ್ಟೈನರ್ ಮಾಡಿದ ಕೆಲಸ ಅತ್ಯಂತ ಸರಳವಾದದ್ದು. ತಮ್ಮದೂ ಸೇರಿದಂತೆ ಪ್ರಯೋಗಾಲಯದ ಸಹೋದ್ಯೋಗಿಗಳ ರಕ್ತವನ್ನು ತೆಗೆದು, ಕಣ ಮತ್ತು ಸೀರಮ್ (ರಕ್ತ ಹೆಪ್ಪುಗಟ್ಟಿದ ಮೇಲೆ ಉಳಿಯುವ, ಪ್ರತಿಕಾಯಗಳಿರುವ ತಿಳಿ ದ್ರವ) ಬೇರ್ಪಡಿಸಿ, ಒಬ್ಬೊಬ್ಬರ ಸೀರಮ್ ಜೊತೆ ಇನ್ನೊಬ್ಬೊಬ್ಬರ ಕಣಗಳನ್ನು ಬೆರೆಸಿ, ಯಾವ ಜೋಡಿಯಲ್ಲಿ ಕಣಗಳು ಗುಪ್ಪೆಗಟ್ಟುತ್ತವೆ ಎಂದು ಬರೆದುಕೊಂಡರು. 1901ರಲ್ಲಿ ಅವರು ಪ್ರಕಟಿಸಿದ ಲೇಖನದಲ್ಲಿ ಮೂರೇ ಗುಂಪುಗಳಿದ್ದವು: ಎ, ಬಿ ಮತ್ತು ಸಿ. ಈ ಸಿ ಎಂಬುದೇ ಮುಂದೆ ಓ ಆಯಿತು. ಎಬಿ ಗುಂಪಿನವರು ಎಲ್ಲ ಕಡೆಯೂ ಕಡಿಮೆ. ಲ್ಯಾಂಡ್‌ಸ್ಟೈನರ್ ಆರಿಸಿಕೊಂಡ ಕೆಲವೇ ಜನರಲ್ಲಿ ಅಂಥವರು ಇರಲಿಲ್ಲ. ಮರುವರ್ಷ, 1902ರಲ್ಲಿ, ಇನ್ನೂ ಹೆಚ್ಚು ಜನರನ್ನು ಪರೀಕ್ಷಿಸಿದ ಡೆಕಾಸ್ಟೆಲ್ಲೋ ಮತ್ತು ಸ್ಟುರ್ಲಿ ಅವರಿಗೆ ಆ ನಾಲ್ಕನೆಯ ಬಗೆ ಸಿಕ್ಕಿತು. ಲ್ಯಾಂಡ್‌ಸ್ಟೈನರ್ ಅವರಿಗೆ ನೊಬೆಲ್ ಪ್ರಶಸ್ತಿ ಬಂದದ್ದು 1930ರಲ್ಲಿ. ಕೆಲಸದ ಬೆಲೆ ಜಗತ್ತಿಗೆ ತಿಳಿಯಲು ಸುಮಾರು ಮೂರು ದಶಕ ಹಿಡಿಯಿತು.

ಇಂದು ನಾವು ಮಾಡುವ ಗುಂಪಿನ ಪರೀಕ್ಷೆಯೂ ಮೂಲತಃ ಅದೇ. ಬಿಳಿಯ ಟೈಲ್ ಮೇಲೆ ಮೂರು ಕಡೆ ಒಂದೊಂದು ಹನಿ ಸೀರಮ್ ಹಾಕುತ್ತೇವೆ. ಎ ವಿರೋಧಿ ನೀಲಿ ಬಣ್ಣದ್ದು, ಬಿ ವಿರೋಧಿ ಹಳದಿ, ಪಾಸಿಟಿವ್ ನೆಗೆಟಿವ್ ತಿಳಿಸುವ ಡಿ ವಿರೋಧಿಗೆ ಬಣ್ಣವಿರುವುದಿಲ್ಲ. ಬಾಟಲಿ ಅದಲು ಬದಲಾಗದಿರಲಿ ಎಂದೇ ಬಣ್ಣ ಸೇರಿಸಿರುತ್ತಾರೆ. ಪ್ರತಿ ಹನಿಗೂ ರೋಗಿಯ ರಕ್ತವನ್ನು ಸ್ವಲ್ಪ ಸೇರಿಸಿ, ಬೇರೆ ಬೇರೆ ಕಡ್ಡಿಗಳಿಂದ ಕಲಸಿ, ಟೈಲ್ ಅನ್ನು ಮೆಲ್ಲಗೆ ಆ ಕಡೆ ಈ ಕಡೆ ವಾಲಿಸಬೇಕು. ಹನಿಯಲ್ಲಿರುವ ವಿರೋಧಿಗೆ ತಕ್ಕ ಪ್ರತಿಜನಕ ಕಣದ ಮೇಲಿರುವ ಕಡೆ ಕೆಲವೇ ಕ್ಷಣಗಳಲ್ಲಿ ನುಣುಪಾದ ಕೆಂಪು ದ್ರವ ಒಡೆದ ಹಾಲಿನಂತೆ ತರಿತರಿಯಾಗಿ, ನಡುವೆ ತಿಳಿನೀರು ಬಿಟ್ಟುಕೊಳ್ಳುತ್ತದೆ. ಇದು ಹೆಪ್ಪುಗಟ್ಟುವಿಕೆಯಲ್ಲ, ಕಣಗಳು ಪ್ರತಿಕಾಯಗಳ ಹಿಡಿತಕ್ಕೆ ಸಿಕ್ಕು ಗುಂಪುಗೂಡುವುದು. ಎರಡನ್ನೂ ಒಂದೇ ಎಂದುಕೊಳ್ಳುವವರು ಬಹಳ ಜನ. ರಕ್ತನಿಧಿಯಲ್ಲಿ ಟೈಲ್ ಪರೀಕ್ಷೆಯೊಂದನ್ನೇ ನಂಬುವುದಿಲ್ಲ. ಕೊಳವೆಯಲ್ಲೋ ಜೆಲ್ ಕಾರ್ಡಿನಲ್ಲೋ ಮಾಡುತ್ತಾರೆ. ಜೆಲ್ ಕಾರ್ಡ್ ಎಂದರೆ ಸಾಲಾಗಿ ಸಣ್ಣ ಕೊಳವೆಗಳಿರುವ ಪ್ಲಾಸ್ಟಿಕ್ ಬಿಲ್ಲೆ. ಯಂತ್ರದಲ್ಲಿಟ್ಟು ತಿರುಗಿಸಿದಾಗ ಬಿಡಿಯಾಗಿ ಉಳಿದ ಕಣಗಳು ಜೆಲ್ಲಿನ ನಡುವಿನಿಂದ ನುಸುಳಿ ತಳ ಸೇರುತ್ತವೆ, ಗುಪ್ಪೆಗಟ್ಟಿದವು ನುಸುಳಲಾಗದೆ ಮೇಲೆಯೇ ಕೆಂಪು ಗೆರೆಯಾಗಿ ನಿಲ್ಲುತ್ತವೆ.

ಇಷ್ಟಾದರೆ ಪರೀಕ್ಷೆ ಅರ್ಧ ಮುಗಿದಂತೆ. ಉಳಿದರ್ಧದಲ್ಲಿ ದಿಕ್ಕು ತಿರುಗುತ್ತದೆ: ಗುಂಪು ಮೊದಲೇ ಗೊತ್ತಿರುವ ಎ ಕಣ, ಬಿ ಕಣ, ಓ ಕಣಗಳನ್ನು ತೆಗೆದುಕೊಂಡು ಅವುಗಳಿಗೆ ರೋಗಿಯ ಪ್ಲಾಸ್ಮಾವನ್ನು ಸೇರಿಸಿ ನೋಡಬೇಕು. ಕಣಗಳು "ನಾನು ಎ" ಎಂದರೆ ಪ್ಲಾಸ್ಮಾ "ನನ್ನಲ್ಲಿ ಬಿ ವಿರೋಧಿ ಇದೆ" ಎನ್ನಬೇಕು. ಎರಡೂ ಸಾಕ್ಷ್ಯಗಳು ಒಂದಕ್ಕೊಂದು ತಾಳೆಯಾಗದಿದ್ದರೆ ವರದಿ ಕೊಡುವಂತಿಲ್ಲ; ಕಾರಣ ಪತ್ತೆಯಾಗುವವರೆಗೆ ಹುಡುಕಬೇಕು. ಈ ಹಿಮ್ಮುಖ ಪರೀಕ್ಷೆಯನ್ನು ಕೆಲವರು ಬರಿಯ ಶಿಷ್ಟಾಚಾರ ಎಂದು ಭಾವಿಸುತ್ತಾರೆ. ಹಾಗಲ್ಲ ಎನ್ನಲು ಮುಂದೆ ಹೇಳಲಿರುವ ಬಾಂಬೆ ಗುಂಪೊಂದೇ ಸಾಕು.

ಈಗ ಆನುವಂಶಿಕತೆಗೆ ಬರೋಣ. ಒಂಬತ್ತನೆಯ ವರ್ಣತಂತುವಿನ ಮೇಲೆ ಈ ಜೀನ್ ಇದೆ. ತಂದೆಯಿಂದ ಒಂದು, ತಾಯಿಯಿಂದ ಒಂದು ಎಂದು ಪ್ರತಿಯೊಬ್ಬರಲ್ಲೂ ಅದರ ಎರಡು ಪ್ರತಿಗಳಿರುತ್ತವೆ. ಪ್ರತಿಯೊಂದೂ ಎ, ಬಿ, ಓ ಎಂಬ ಮೂರು ರೂಪಗಳಲ್ಲಿ ಯಾವುದಾದರೊಂದು ಆಗಿರಬಹುದು. ಎ ಮತ್ತು ಬಿ ಸಮಾನ ಪ್ರಬಲವಾಗಿದ್ದು, ಒಟ್ಟಿಗಿದ್ದರೆ ಎರಡೂ ವ್ಯಕ್ತವಾಗುತ್ತವೆ. ಓ ರೂಪ ಏನನ್ನೂ ತಯಾರಿಸದ ಕಾರಣ, ಅದರ ಜೊತೆಗಾರ ಎ ಆಗಿದ್ದರೆ ಎ, ಬಿ ಆಗಿದ್ದರೆ ಬಿ ಮಾತ್ರ ಹೊರಗೆ ಕಾಣುತ್ತದೆ. ಹಾಗಾಗಿ "ಎ ಗುಂಪು" ಎಂಬ ಒಂದೇ ವರದಿಯ ಹಿಂದೆ ಎರಡು ಬಗೆಯ ಜನರಿರುತ್ತಾರೆ: ಎರಡೂ ಪ್ರತಿಗಳು ಎ ಆಗಿರುವವರು ಒಂದು, ಒಂದು ಎ ಇನ್ನೊಂದು ಓ ಆಗಿರುವವರು ಮತ್ತೊಂದು. ಸಾಮಾನ್ಯ ಪರೀಕ್ಷೆ ಇವರಿಬ್ಬರನ್ನು ಬೇರ್ಪಡಿಸುವುದಿಲ್ಲ, ಏಕೆಂದರೆ ಅದು ಕಣದ ಮೇಲೆ ಏನಿದೆ ಎಂದು ಕೇಳುತ್ತದೆಯೇ ಹೊರತು ಜೀನಿನಲ್ಲಿ ಏನಿದೆ ಎಂದು ಕೇಳುವುದಿಲ್ಲ.

ಮೊದಲಿನ ಪ್ರಶ್ನೆಗೆ ಉತ್ತರ ಇಲ್ಲೇ ಇದೆ. ಅಪ್ಪನಲ್ಲಿ ಎ ಜೊತೆಗೊಂದು ಓ, ಅಮ್ಮನಲ್ಲಿ ಬಿ ಜೊತೆಗೊಂದು ಓ ಅಡಗಿದ್ದರೆ, ಅವರ ಪ್ರತಿ ಮಗುವಿಗೂ ಎ, ಬಿ, ಎಬಿ, ಓ ಎಂಬ ನಾಲ್ಕೂ ಗುಂಪುಗಳ ಸಾಧ್ಯತೆ ತಲಾ ಕಾಲುಭಾಗ ಇರುತ್ತದೆ. ಇದಕ್ಕಿಂತಲೂ ಜನರನ್ನು ಹೆಚ್ಚು ಗಾಬರಿಗೊಳಿಸುವ ಜೋಡಿ ಎಂದರೆ ಎಬಿ ಮತ್ತು ಓ. ಇವರ ಮಕ್ಕಳು ಎ ಅಥವಾ ಬಿ ಆಗುತ್ತಾರೆ; ಸಾಮಾನ್ಯ ನಿಯಮದಂತೆ ಒಬ್ಬ ಮಗುವಿಗೂ ತಂದೆಯದಾಗಲಿ ತಾಯಿಯದಾಗಲಿ ಗುಂಪು ಬರುವುದೇ ಇಲ್ಲ. "ನಮ್ಮಿಬ್ಬರದೂ ಅಲ್ಲದ ಗುಂಪು" ಎಂದು ಚಿಂತಿಸುವವರಿಗೆ, ನಿಮ್ಮ ವಿಷಯದಲ್ಲಿ ಅದು ಹಾಗೆಯೇ ಆಗಬೇಕಾದದ್ದು ಎಂದು ಹೇಳುವುದು ನನಗೆ ಇಷ್ಟವಾದ ಕೆಲಸಗಳಲ್ಲೊಂದು. ಇಬ್ಬರೂ ಓ ಆಗಿದ್ದರೆ ಮಕ್ಕಳೆಲ್ಲ ಓ. ಆರ್‌ಎಚ್, ಅಂದರೆ ಗುಂಪಿನ ಜೊತೆ ಬರೆಯುವ ಪಾಸಿಟಿವ್ ನೆಗೆಟಿವ್ ವಿಷಯದಲ್ಲೂ ಇದೇ ತರ್ಕ: ಇಬ್ಬರು ಪಾಸಿಟಿವ್ ತಂದೆತಾಯಿಯರಿಗೆ ನೆಗೆಟಿವ್ ಮಗು ಹುಟ್ಟಬಹುದು, ಏಕೆಂದರೆ ಇಬ್ಬರಲ್ಲೂ ಡಿ ಇಲ್ಲದ ಒಂದೊಂದು ಪ್ರತಿ ಅಡಗಿರಬಹುದು.

ರಕ್ತದ ಗುಂಪು ವಂಶಪಾರಂಪರ್ಯವಾಗಿ ಬರುತ್ತದೆ ಎಂಬುದನ್ನು ವಾನ್ ಡುಂಗರ್ನ್ ಮತ್ತು ಲುಡ್ವಿಕ್ ಹಿರ್ಷ್‌ಫೆಲ್ಡ್ 1910ರಲ್ಲೇ ತೋರಿಸಿದ್ದರು. ಆದರೆ ಎ ಒಂದು ಜೀನ್, ಬಿ ಇನ್ನೊಂದು ಬೇರೆಯೇ ಜೀನ್ ಎಂಬುದು ಅವರ ಊಹೆಯಾಗಿತ್ತು. ಆ ಊಹೆ ನಿಜವಾಗಿದ್ದರೆ ಎಬಿ ತಾಯಿಗೆ ಓ ಮಗು ಹುಟ್ಟುವುದು ಸಾಮಾನ್ಯ ಸಂಗತಿಯಾಗಬೇಕಿತ್ತು. 1924ರಲ್ಲಿ ಜರ್ಮನಿಯ ಗಣಿತಜ್ಞ ಫೆಲಿಕ್ಸ್ ಬರ್ನ್‌ಸ್ಟೈನ್, ಬೇರೆ ಬೇರೆ ಜನಸಮುದಾಯಗಳಲ್ಲಿ ಗುಂಪುಗಳ ಪ್ರಮಾಣವನ್ನು ಲೆಕ್ಕಹಾಕಿ, ಆ ಅಂಕಿಗಳು ಎರಡು ಜೀನುಗಳ ಲೆಕ್ಕಕ್ಕೆ ಹೊಂದುವುದಿಲ್ಲ, ಒಂದೇ ಜೀನಿನ ಮೂರು ರೂಪಗಳೆಂದರೆ ಮಾತ್ರ ಹೊಂದುತ್ತವೆ ಎಂದು ತೋರಿಸಿದರು. ಸೂಕ್ಷ್ಮದರ್ಶಕ ಮುಟ್ಟದೆ ಕಾಗದದ ಮೇಲೆ ಬಗೆಹರಿದ ಜೀವವಿಜ್ಞಾನದ ಪ್ರಶ್ನೆ ಇದು.

ನ್ಯಾಯಾಲಯಗಳು ಈ ತರ್ಕವನ್ನು ಒಪ್ಪಿಕೊಳ್ಳಲು ಇನ್ನೂ ಹೆಚ್ಚು ಕಾಲ ಬೇಕಾಯಿತು. ಪ್ರಸಿದ್ಧ ನಟ ಚಾರ್ಲಿ ಚಾಪ್ಲಿನ್ ಅವರ ಮೇಲೆ 1940ರ ದಶಕದಲ್ಲಿ ಪಿತೃತ್ವದ ದಾವೆ ಹೂಡಲಾಗಿತ್ತು. ಚಾಪ್ಲಿನ್ ಓ, ತಾಯಿ ಎ, ಮಗು ಬಿ. ಮಗುವಿನ ಬಿ ತಾಯಿಯಿಂದ ಬಂದಿರಲಾರದು, ಹಾಗಾಗಿ ತಂದೆಯಿಂದಲೇ ಬಂದಿರಬೇಕು, ಓ ಗುಂಪಿನ ಚಾಪ್ಲಿನ್ ಬಳಿ ಕೊಡಲು ಬಿ ಇಲ್ಲ. ಇಷ್ಟು ಸ್ಪಷ್ಟವಾಗಿದ್ದರೂ, ಕ್ಯಾಲಿಫೋರ್ನಿಯಾದಲ್ಲಿ ಆಗ ರಕ್ತ ಪರೀಕ್ಷೆಯನ್ನು ನಿರ್ಣಾಯಕ ಸಾಕ್ಷ್ಯವಾಗಿ ಪರಿಗಣಿಸುತ್ತಿರಲಿಲ್ಲವಾದ್ದರಿಂದ, 1945ರಲ್ಲಿ ತೀರ್ಪುಗಾರರು ಅವರನ್ನೇ ತಂದೆ ಎಂದು ಘೋಷಿಸಿದರು. ಗಮನಿಸಬೇಕಾದದ್ದು ಇಷ್ಟು: ರಕ್ತದ ಗುಂಪು "ಈತ ತಂದೆಯಾಗಿರಲಾರ" ಎಂದು ಹೇಳಬಲ್ಲದು, "ಈತನೇ ತಂದೆ" ಎಂದು ಎಂದಿಗೂ ಹೇಳಲಾರದು, ಏಕೆಂದರೆ ಅದೇ ಗುಂಪಿನವರು ಕೋಟಿಗಟ್ಟಲೆ ಇದ್ದಾರೆ. "ಆಗಿರಲಾರ" ಎನ್ನುವಾಗಲೂ ವಿರಳ ಅಪವಾದಗಳನ್ನು ಮರೆಯುವಂತಿಲ್ಲ. ಎ ಮತ್ತು ಬಿ ಎರಡನ್ನೂ ತಯಾರಿಸುವ ಒಂದೇ ಜೀನ್ ಕೆಲವು ಕುಟುಂಬಗಳಲ್ಲಿ ಬರುತ್ತದೆ. ಅಂಥ ಎಬಿ ತಾಯಿಗೆ ಓ ಮಗು ಹುಟ್ಟಬಹುದು. ಕಣದ ಮೇಲೆ ಎ ಬಹಳ ಕಡಿಮೆ ಇರುವ ಉಪಗುಂಪುಗಳು ಪರೀಕ್ಷೆಯಲ್ಲಿ ಓ ಎಂದೇ ಕಂಡುಬಿಡಬಹುದು. ಮನೆಯವರ ರಕ್ತದ ಗುಂಪುಗಳ ಪಟ್ಟಿ ಹಿಡಿದು ಯಾರ ನಡತೆಯ ಮೇಲೂ ತೀರ್ಪು ಕೊಡಬಾರದು ಎಂಬುದು ನನ್ನ ಖಚಿತ ಅಭಿಪ್ರಾಯ. ನಿಜವಾಗಿ ತಿಳಿಯಲೇಬೇಕಾದ ಅಗತ್ಯವಿದ್ದರೆ ಡಿಎನ್‌ಎ ಪರೀಕ್ಷೆ ಇದೆ.

ಅಪವಾದಗಳಲ್ಲಿ ಅತಿ ಮುಖ್ಯವಾದದ್ದು ಬಾಂಬೆ ಗುಂಪು. ಆಗ ಬಾಂಬೆ ಎನ್ನುತ್ತಿದ್ದ ಮುಂಬೈನಲ್ಲಿ ವೈ. ಎಂ. ಭೇಂಡೆ ಮತ್ತು ಅವರ ಸಹೋದ್ಯೋಗಿಗಳು ಗುರುತಿಸಿ 1952ರಲ್ಲಿ ಪ್ರಕಟಿಸಿದ ಕಾರಣ ಅದಕ್ಕೆ ಆ ಹೆಸರು. ಎ ಮತ್ತು ಬಿ ಸಕ್ಕರೆಗಳು ಅಂಟಿಕೊಳ್ಳಲು ಎಚ್ ಸರಪಳಿ ಬೇಕು ಎಂದು ಮೇಲೆ ಹೇಳಿದೆನಷ್ಟೆ. ಆ ಎಚ್ ಅನ್ನು ತಯಾರಿಸುವ ಜೀನ್ ಬೇರೆಯದು, ಅದು 19ನೆಯ ವರ್ಣತಂತುವಿನ ಮೇಲಿದೆ. ಆ ಜೀನಿನ ಎರಡೂ ಪ್ರತಿಗಳು ಕೆಲಸ ಮಾಡದಿದ್ದವರಲ್ಲಿ ಎಚ್ ಇರುವುದೇ ಇಲ್ಲ. ಹಾಗಾಗಿ ಒಂಬತ್ತನೆಯ ವರ್ಣತಂತುವಿನಲ್ಲಿ ಎ ಅಥವಾ ಬಿ ಜೀನ್ ಸರಿಯಾಗಿದ್ದರೂ ಅಂಟಿಸಲು ಜಾಗವಿಲ್ಲದೆ ಕಣ ಬರಿದಾಗಿ ಉಳಿಯುತ್ತದೆ. ಟೈಲ್ ಮೇಲಿನ ಪರೀಕ್ಷೆಯಲ್ಲಿ ಇವರ ರಕ್ತ ಎ ವಿರೋಧಿಗೂ ಬಿ ವಿರೋಧಿಗೂ ಗುಪ್ಪೆಗಟ್ಟದೆ ಓ ಎಂದು ಕಾಣುತ್ತದೆ. ಅವರ ಪ್ಲಾಸ್ಮಾದಲ್ಲಿ ಎ ವಿರೋಧಿ, ಬಿ ವಿರೋಧಿಗಳ ಜೊತೆ ಪ್ರಬಲವಾದ ಎಚ್ ವಿರೋಧಿಯೂ ಇರುತ್ತದೆ. ಓ ಗುಂಪಿನವರ ಕಣಗಳ ಮೇಲೆ ತುಂಬಿರುವುದೇ ಎಚ್! ಅಂದರೆ ಓ ಎಂದು ನಂಬಿ ಓ ರಕ್ತ ಕೊಟ್ಟರೆ ಪ್ರಾಣಕ್ಕೇ ಅಪಾಯ. ಹಿಮ್ಮುಖ ಪರೀಕ್ಷೆಯಲ್ಲಿ ಓ ಕಣಗಳನ್ನೂ ಇಟ್ಟಿದ್ದರೆ ಅವು ಗುಪ್ಪೆಗಟ್ಟಿ ಗುಟ್ಟು ರಟ್ಟಾಗುತ್ತದೆ. ಇಡದಿದ್ದರೆ ಕ್ರಾಸ್ ಮ್ಯಾಚ್ ಹಂತದಲ್ಲಿ, ಅಂದರೆ ರೋಗಿಯ ಪ್ಲಾಸ್ಮಾವನ್ನು ಕೊಡಲಿರುವ ಚೀಲದ ಕಣಗಳ ಜೊತೆ ಬೆರೆಸಿ ನೋಡುವಾಗ, ತಂದ ಪ್ರತಿ ಓ ಚೀಲವೂ ಹೊಂದದೆ ಹೋದಾಗ ಗೊತ್ತಾಗುತ್ತದೆ.

ಭಾರತದಲ್ಲಿ ಸುಮಾರು ಹತ್ತು ಸಾವಿರಕ್ಕೊಬ್ಬರು ಈ ಗುಂಪಿನವರೆಂಬುದು ಸಾಮಾನ್ಯವಾಗಿ ಹೇಳುವ ಅಂದಾಜು. ಯುರೋಪಿನಲ್ಲಿ ಇದು ಇನ್ನೂ ಬಹಳ ವಿರಳ. ಕೆಲಸ ಮಾಡದ ಎಚ್ ಜೀನ್ ತಂದೆ ತಾಯಿ ಇಬ್ಬರಿಂದಲೂ ಬರಬೇಕಾದ್ದರಿಂದ ರಕ್ತಸಂಬಂಧದೊಳಗಿನ ಮದುವೆಗಳಲ್ಲಿ ಇದರ ಸಾಧ್ಯತೆ ಹೆಚ್ಚು. ಬಾಂಬೆ ಗುಂಪಿನವರಿಗೆ ಬಾಂಬೆ ಗುಂಪಿನ ರಕ್ತವೇ ಆಗಬೇಕು. ಆನುವಂಶಿಕತೆಯ ಲೆಕ್ಕವನ್ನೂ ಇದು ತಲೆಕೆಳಗು ಮಾಡುತ್ತದೆ: ಓ ಎಂದು ಬರೆದಿರುವ ಬಾಂಬೆ ಗುಂಪಿನ ತಂದೆ ತನ್ನಲ್ಲಿ ಅಡಗಿರುವ ಬಿ ಜೀನನ್ನು ಮಗುವಿಗೆ ದಾಟಿಸಬಹುದು, ಎ ಗುಂಪಿನ ತಾಯಿಯಿಂದ ಮಗುವಿಗೆ ಎಚ್ ಸಿಕ್ಕಿ ಆ ಬಿ ಮತ್ತೆ ಹೊರಗೆ ಕಾಣಿಸಿಕೊಳ್ಳಬಹುದು.

ಇನ್ನು ಪಾಸಿಟಿವ್ ಮತ್ತು ನೆಗೆಟಿವ್. ಇದು ಆರ್‌ಎಚ್ ವ್ಯವಸ್ಥೆಯ ಡಿ ಎಂಬ ಒಂದು ಪ್ರತಿಜನಕದ ಇರವು ಅಥವಾ ಇಲ್ಲದಿರುವಿಕೆ. 1939ರಲ್ಲಿ ಲೆವಿನ್ ಮತ್ತು ಸ್ಟೆಟ್ಸನ್, ಸತ್ತ ಮಗುವನ್ನು ಹೆತ್ತ ತಾಯಿಯೊಬ್ಬರಿಗೆ ಗಂಡನ ರಕ್ತ ಕೊಟ್ಟಾಗ ಆದ ತೀವ್ರ ಪ್ರತಿಕ್ರಿಯೆಯನ್ನು ವರದಿ ಮಾಡಿದರು. ಮರುವರ್ಷ ಲ್ಯಾಂಡ್‌ಸ್ಟೈನರ್ ಮತ್ತು ಅಲೆಕ್ಸಾಂಡರ್ ವೀನರ್ ರೀಸಸ್ ಕೋತಿಯ ರಕ್ತಕಣಗಳನ್ನು ಬಳಸಿದ ಪ್ರಯೋಗಗಳಿಂದ ಆರ್‌ಎಚ್ ಎಂಬ ಹೆಸರು ತಂದರು. ಎ, ಬಿಗಳಿಗೂ ಡಿಗೂ ಇರುವ ದೊಡ್ಡ ವ್ಯತ್ಯಾಸವೆಂದರೆ, ಡಿ ವಿರೋಧಿ ತಾನಾಗಿ ಹುಟ್ಟುವುದಿಲ್ಲ. ನೆಗೆಟಿವ್ ವ್ಯಕ್ತಿಯ ದೇಹಕ್ಕೆ ಪಾಸಿಟಿವ್ ಕಣಗಳು ಸೇರಿದ ಮೇಲೆಯೇ, ಅದೂ ನಿಧಾನವಾಗಿ ಹುಟ್ಟುತ್ತದೆ. ಮೊದಲ ಸಲ ಪಾರಾದವರು ಎರಡನೆಯ ಸಲ ಸಿಕ್ಕಿಬೀಳುವುದು ಹೀಗೆ.

ಗರ್ಭಧಾರಣೆಯಲ್ಲಿ ಇದರ ಪರಿಣಾಮ ಹೆಚ್ಚು ಗಂಭೀರ. ನೆಗೆಟಿವ್ ತಾಯಿಯ ಹೊಟ್ಟೆಯಲ್ಲಿ ಪಾಸಿಟಿವ್ ಮಗುವಿದ್ದರೆ, ಹೆರಿಗೆಯ ವೇಳೆಗೆ ಮಗುವಿನ ಒಂದಷ್ಟು ಕಣಗಳು ತಾಯಿಯ ರಕ್ತ ಸೇರಿ ಡಿ ವಿರೋಧಿಯ ತಯಾರಿಕೆ ಆರಂಭವಾಗಬಹುದು. ಆ ಮಗುವಿಗೆ ಸಾಮಾನ್ಯವಾಗಿ ತೊಂದರೆಯಿಲ್ಲ. ಮುಂದಿನ ಮಗುವೂ ಪಾಸಿಟಿವ್ ಆಗಿದ್ದರೆ ಈ ಪ್ರತಿಕಾಯಗಳು ಮಾಸು ದಾಟಿ ಹೋಗಿ ಆ ಮಗುವಿನ ಕಣಗಳನ್ನು ಒಡೆಯುತ್ತವೆ. ರಕ್ತಹೀನತೆ, ತೀವ್ರ ಕಾಮಾಲೆ, ಕೆಲವೊಮ್ಮೆ ಗರ್ಭದಲ್ಲೇ ಸಾವು. ಎ ವಿರೋಧಿ ಮತ್ತು ಬಿ ವಿರೋಧಿಗಳು ಬಹುಪಾಲು ದೊಡ್ಡ ಗಾತ್ರದ ಐಜಿಎಂ ಬಗೆಯವಾದ್ದರಿಂದ ಮಾಸನ್ನು ದಾಟಲಾರವು. ಡಿ ವಿರೋಧಿ ಐಜಿಜಿ ಬಗೆಯದು, ದಾಟುತ್ತದೆ. 1960ರ ದಶಕದಲ್ಲಿ ಲಿವರ್‌ಪೂಲ್ ಮತ್ತು ನ್ಯೂಯಾರ್ಕ್‌ನ ಎರಡು ತಂಡಗಳು ಇದಕ್ಕೆ ಕಂಡುಕೊಂಡ ಪರಿಹಾರ, ಮೊದಲು ಕೇಳಿದವರಿಗೆ ತಲೆಕೆಳಗೆನಿಸುವಂಥದ್ದು: ತಾಯಿಯ ದೇಹ ಡಿ ವಿರೋಧಿ ತಯಾರಿಸದಿರಲಿ ಎಂದು ಡಿ ವಿರೋಧಿಯನ್ನೇ ಚುಚ್ಚುಮದ್ದಾಗಿ ಕೊಡುವುದು. ಮಗುವಿನ ಕಣಗಳು ತಾಯಿಯ ರೋಗನಿರೋಧಕ ವ್ಯವಸ್ಥೆಯನ್ನು ಎಚ್ಚರಿಸುವ ಮೊದಲೇ ಹೊರಗಿನಿಂದ ಕೊಟ್ಟ ಪ್ರತಿಕಾಯ ಅವನ್ನು ತೆಗೆದುಹಾಕುತ್ತದೆ. ಗರ್ಭದ 28ನೆಯ ವಾರದ ಸುಮಾರಿಗೆ ಒಮ್ಮೆ, ಪಾಸಿಟಿವ್ ಮಗು ಹುಟ್ಟಿದ 72 ಗಂಟೆಗಳೊಳಗೆ ಇನ್ನೊಮ್ಮೆ ಇದನ್ನು ಕೊಡುತ್ತಾರೆ. ಗರ್ಭಪಾತವಾದಾಗಲೂ ಇದರ ಬಗ್ಗೆ ವೈದ್ಯರನ್ನು ವಿಚಾರಿಸಬೇಕು ಎಂಬುದನ್ನು ಹಲವರು ಮರೆಯುತ್ತಾರೆ. ಈ ಔಷಧಿ ತಯಾರಾಗುವುದು ಡಿ ವಿರೋಧಿ ಇರುವ ದಾನಿಗಳ ಪ್ಲಾಸ್ಮಾದಿಂದ. ಆಸ್ಟ್ರೇಲಿಯಾದ ಜೇಮ್ಸ್ ಹ್ಯಾರಿಸನ್ ಇದಕ್ಕಾಗಿಯೇ 81 ವರ್ಷ ವಯಸ್ಸಿನವರೆಗೆ ಸಾವಿರಕ್ಕೂ ಹೆಚ್ಚು ಬಾರಿ ದಾನ ಮಾಡಿದರು.

ಇಷ್ಟು ತಿಳಿದ ಮೇಲೆ ಹೊಂದಾಣಿಕೆಯ ಕೋಷ್ಟಕವನ್ನು ಬಾಯಿಪಾಠ ಮಾಡಬೇಕಾಗಿಲ್ಲ. ಕೆಂಪುಕಣ ಕೊಡುವಾಗ ಕೇಳಬೇಕಾದ ಪ್ರಶ್ನೆ ಒಂದೇ: ಪಡೆಯುವವರ ಪ್ಲಾಸ್ಮಾದಲ್ಲಿ ಈ ಕಣದ ವಿರೋಧಿ ಇದೆಯೇ? ಓ ಕಣದ ಮೇಲೆ ಎ, ಬಿ ಎರಡೂ ಇಲ್ಲವಾದ್ದರಿಂದ ಅದನ್ನು ನಾಲ್ಕೂ ಗುಂಪಿನವರಿಗೆ ಕೊಡಬಹುದು, ಓ ಗುಂಪಿನವರು ಮಾತ್ರ ಓ ಕಣವನ್ನೇ ಪಡೆಯಬೇಕು. ಪ್ಲಾಸ್ಮಾ ಕೊಡುವಾಗ ಇದೇ ಪ್ರಶ್ನೆ ತಿರುಗುಮುರುಗಾಗುತ್ತದೆ. ಅಲ್ಲಿ ಎರಡೂ ವಿರೋಧಿಗಳಿಲ್ಲದ ಎಬಿ ಪ್ಲಾಸ್ಮಾ ಎಲ್ಲರಿಗೂ ಸಲ್ಲುತ್ತದೆ, ಓ ಪ್ಲಾಸ್ಮಾ ಓ ಗುಂಪಿನವರಿಗಷ್ಟೇ. "ಓ ನೆಗೆಟಿವ್ ಸರ್ವದಾನಿ" ಎಂಬ ಮಾತು ಕೆಂಪುಕಣಕ್ಕೆ ಮಾತ್ರ ಅನ್ವಯ ಎಂಬುದನ್ನು ಹೇಳದೆ ಬಿಡುವುದರಿಂದ ಅರ್ಧಸತ್ಯವೊಂದು ಊರೂರು ಸುತ್ತುತ್ತಿದೆ.

ಕೆಂಪುಕಣದ ವಿಷಯದಲ್ಲೂ ಆ ಮಾತು ಪೂರ್ತಿ ನಿಜವಲ್ಲ. ಇಂದು ಗುರುತಿಸಲಾಗಿರುವ ರಕ್ತಗುಂಪು ವ್ಯವಸ್ಥೆಗಳು 40ಕ್ಕೂ ಹೆಚ್ಚು. ಕೆಲ್, ಕಿಡ್, ಡಫಿ ಇವುಗಳಲ್ಲಿ ಕೆಲವು. (ಡಫಿ ಪ್ರತಿಜನಕ ಇಲ್ಲದ ಕಣಗಳನ್ನು ವೈವಾಕ್ಸ್ ಮಲೇರಿಯಾದ ಪರಾವಲಂಬಿ ಸುಲಭವಾಗಿ ಹೊಕ್ಕಲಾರದು, ಆಫ್ರಿಕಾದ ಅನೇಕ ಸಮುದಾಯಗಳಲ್ಲಿ ಅದು ಇಲ್ಲದಿರುವುದೇ ಸಾಮಾನ್ಯ.) ಆರ್‌ಎಚ್ ಒಳಗೇ ಡಿ ಅಲ್ಲದೆ ದೊಡ್ಡ ಸಿ, ಸಣ್ಣ ಸಿ, ದೊಡ್ಡ ಇ, ಸಣ್ಣ ಇ ಎಂಬ ಪ್ರತಿಜನಕಗಳಿವೆ. ನೆಗೆಟಿವ್ ರಕ್ತದವರಲ್ಲಿ ಬಹುತೇಕರ ಕಣಗಳ ಮೇಲೆ ಸಣ್ಣ ಸಿ ಇದ್ದೇ ಇರುತ್ತದೆ. ಹಿಂದೊಮ್ಮೆ ರಕ್ತ ಪಡೆದು ಸಣ್ಣ ಸಿ ವಿರೋಧಿ ಬೆಳೆಸಿಕೊಂಡ ರೋಗಿಗೆ ಈ "ಸರ್ವದಾನಿ"ಯ ರಕ್ತ ವಿಷವಾಗುತ್ತದೆ. ಗುಂಪು ತಿಳಿಯಲೂ ಸಮಯವಿಲ್ಲದ ತುರ್ತಿನಲ್ಲಿ ಓ ನೆಗೆಟಿವ್ ಕೊಡುವುದು ಸರಿಯಾದ ನಿರ್ಧಾರವೇ. ಸಮಯವಿದ್ದಾಗ ರೋಗಿಯದೇ ಗುಂಪಿನ ರಕ್ತ ಕೊಡುವುದು ಅದಕ್ಕಿಂತ ಸರಿಯಾದ ನಿರ್ಧಾರ.

ಹಾಗಾಗಿಯೇ ಗುಂಪು ಹೊಂದಿದ ಮೇಲೂ ಕ್ರಾಸ್ ಮ್ಯಾಚ್ ಮಾಡುತ್ತೇವೆ. ರೋಗಿಯ ಪ್ಲಾಸ್ಮಾವನ್ನು, ಕೊಡಬೇಕೆಂದಿರುವ ಅದೇ ಚೀಲದ ಕಣಗಳ ಜೊತೆ ಬೆರೆಸಿ 37 ಡಿಗ್ರಿ ಸೆಲ್ಸಿಯಸ್‌ನಲ್ಲಿಟ್ಟು ನೋಡುತ್ತೇವೆ. ಐಜಿಜಿ ಬಗೆಯ ಪ್ರತಿಕಾಯಗಳು ಕಣಕ್ಕೆ ಅಂಟಿಕೊಂಡರೂ ಗುಪ್ಪೆಗಟ್ಟಿಸುವಷ್ಟು ಉದ್ದವಿಲ್ಲದ ಕಾರಣ ಬರಿಗಣ್ಣಿಗೆ ಕಾಣುವುದಿಲ್ಲ. ಅವನ್ನು ಹೊರಗೆಳೆಯಲು ಕೂಂಬ್ಸ್, ಮೌರಾಂಟ್ ಮತ್ತು ರೇಸ್ 1945ರಲ್ಲಿ ವಿವರಿಸಿದ ವಿಧಾನವನ್ನೇ ಇಂದಿಗೂ ಬಳಸುತ್ತೇವೆ: ಮನುಷ್ಯರ ಪ್ರತಿಕಾಯಕ್ಕೇ ಅಂಟಿಕೊಳ್ಳುವ ಇನ್ನೊಂದು ಪ್ರತಿಕಾಯವನ್ನು ಸೇರಿಸಿದರೆ ಅದು ಎರಡು ಕಣಗಳ ನಡುವೆ ಸೇತುವೆ ಕಟ್ಟುತ್ತದೆ. ತಲಸೇಮಿಯಾದಂಥ ಆನುವಂಶಿಕ ರಕ್ತಹೀನತೆಯ ಕಾಯಿಲೆಗಳಿಂದಾಗಿ ಪದೇ ಪದೇ ರಕ್ತ ಪಡೆಯಬೇಕಾದ ಮಕ್ಕಳಿಗೆ ಹೊಂದುವ ಚೀಲ ಹುಡುಕಲು ವರ್ಷ ಕಳೆದಂತೆ ಹೆಚ್ಚು ಹೊತ್ತು ಹಿಡಿಯುವುದನ್ನು ಕಂಡವರಿಗೆ, ಎ, ಬಿ, ಓ, ಡಿಗಳಾಚೆಗೂ ರಕ್ತಕ್ಕೆ ಎಷ್ಟು ಮುಖಗಳಿವೆ ಎಂಬುದು ಬೇರೆ ಹೇಳಬೇಕಾಗಿಲ್ಲ.

ಹೊಂದದ ರಕ್ತ ಹರಿದರೆ ಏನಾಗುತ್ತದೆ? ಎ, ಬಿ ವಿಷಯದಲ್ಲಿ ತಪ್ಪಾದರೆ ಕೆಲವೇ ಮಿಲಿಲೀಟರ್ ಸಾಕು: ಚಳಿಜ್ವರ, ಬೆನ್ನು ಮತ್ತು ಸೊಂಟದ ನೋವು, ಎದೆ ಹಿಡಿದಂತಾಗುವುದು, ರಕ್ತದೊತ್ತಡ ಕುಸಿಯುವುದು, ಕೆಂಪು ಅಥವಾ ಕಪ್ಪು ಬಣ್ಣದ ಮೂತ್ರ, ಮುಂದುವರಿದರೆ ಮೂತ್ರಪಿಂಡದ ವೈಫಲ್ಯ. ಅರಿವಳಿಕೆಯಲ್ಲಿರುವ ರೋಗಿ ಇದ್ಯಾವುದನ್ನೂ ಹೇಳಲಾರ. ಇಂಥ ಅವಘಡಗಳಿಗೆ ಮುಖ್ಯ ಕಾರಣ ಪ್ರಯೋಗಾಲಯದ ರಸಾಯನಗಳಲ್ಲ. ಒಬ್ಬರ ಕೊಳವೆಗೆ ಇನ್ನೊಬ್ಬರ ಹೆಸರಿನ ಚೀಟಿ ಅಂಟಿಸುವುದು, ಅಥವಾ ಸರಿಯಾದ ಚೀಲವನ್ನು ತಪ್ಪು ಹಾಸಿಗೆಗೆ ಒಯ್ಯುವುದು. ಹಾಗಾಗಿ ರಕ್ತ ಏರಿಸುವ ಮುನ್ನ ಇಬ್ಬರು ಸಿಬ್ಬಂದಿ ರೋಗಿಯ ಬಾಯಿಂದಲೇ ಹೆಸರು ಹೇಳಿಸಿ, ಕೈಪಟ್ಟಿ ಮತ್ತು ಚೀಲದ ಸಂಖ್ಯೆಯನ್ನು ತಾಳೆ ನೋಡುವಾಗ "ಎಷ್ಟು ಸಲ ಕೇಳುತ್ತೀರಿ" ಎಂದು ಸಿಡುಕಬಾರದು. ಮೊದಲ ಹದಿನೈದು ನಿಮಿಷ ರಕ್ತವನ್ನು ನಿಧಾನವಾಗಿ ಹರಿಸಿ, ರೋಗಿಯ ಪಕ್ಕದಲ್ಲೇ ನಿಂತು ಗಮನಿಸುವುದು ಕೂಡ ಇದೇ ಭಯದಿಂದ.

ರಕ್ತದ ಗುಂಪಿಗೆ ತಕ್ಕ ಆಹಾರ, ಗುಂಪಿಗೆ ತಕ್ಕ ಸ್ವಭಾವ, ಗಂಡ ಹೆಂಡತಿಯದು ಒಂದೇ ಗುಂಪಾದರೆ ಮಕ್ಕಳಿಗೆ ತೊಂದರೆ ಎಂಬ ಮಾತುಗಳಿಗೆ ವೈಜ್ಞಾನಿಕ ಆಧಾರವಿಲ್ಲ ಎಂದಷ್ಟೇ ಹೇಳಿ ಮುಂದೆ ಹೋಗುತ್ತೇನೆ.

ಕೊನೆಯದಾಗಿ, "ಗುಂಪಿನ ಕಾರ್ಡ್ ತಂದಿದ್ದೇವೆ, ಮತ್ತೆ ಯಾಕೆ ರಕ್ತ ತೆಗೆಯುತ್ತೀರಿ" ಎಂದು ಕೇಳುವವರಿಗೆ. ಕಾರ್ಡಿನಲ್ಲಿರುವುದು ಹಳೆಯ ಪ್ರಶ್ನೆಯ ಹಳೆಯ ಉತ್ತರ. ಬೇರೆ ಗುಂಪಿನ ದಾನಿಯಿಂದ ಅಸ್ಥಿಮಜ್ಜೆ ಕಸಿ ಮಾಡಿಸಿಕೊಂಡವರ ಕೆಂಪುಕಣಗಳು ಕೆಲವು ತಿಂಗಳಲ್ಲಿ ದಾನಿಯ ಗುಂಪಿನವಾಗಿಬಿಡುತ್ತವೆ. ಅಷ್ಟು ದೊಡ್ಡ ಬದಲಾವಣೆ ಆಗದವರಲ್ಲೂ, ಇತ್ತೀಚೆಗೆ ರಕ್ತ ಪಡೆದಿದ್ದರೆ ಅಥವಾ ಗರ್ಭಿಣಿಯಾಗಿದ್ದರೆ, ಹೊಸ ಪ್ರತಿಕಾಯಗಳು ಕೆಲವೇ ದಿನಗಳಲ್ಲಿ ಹುಟ್ಟಿಕೊಳ್ಳಬಹುದು. ಕಿಡ್ ವಿರೋಧಿಯಂಥವು ಇನ್ನೂ ಕಪಟಿ: ಒಮ್ಮೆ ಹುಟ್ಟಿ, ಕ್ರಮೇಣ ಪರೀಕ್ಷೆಗೆ ಸಿಗದಷ್ಟು ಕ್ಷೀಣಿಸಿ, ಅದೇ ಪ್ರತಿಜನಕ ಮತ್ತೆ ಎದುರಾದ ಕೂಡಲೇ ರಭಸದಿಂದ ಹೆಚ್ಚಿಕೊಂಡು, ರಕ್ತ ಕೊಟ್ಟ ಹಲವು ದಿನಗಳ ಮೇಲೆ ಕಣಗಳನ್ನು ಒಡೆಯುತ್ತವೆ. ಹಾಗಾಗಿ ಹಿಂದೆ ಯಾವಾಗ ರಕ್ತ ಪಡೆದಿದ್ದಿರಿ, ಆಗ ತೊಂದರೆ ಏನಾದರೂ ಆಗಿತ್ತೇ, ಎಷ್ಟು ಬಾರಿ ಗರ್ಭಿಣಿಯಾಗಿದ್ದಿರಿ ಎಂದು ಕೇಳಿದಾಗ ನೆನಪಿಸಿಕೊಂಡು ಹೇಳಿ. ಕ್ಷೀಣಿಸಿದ ಪ್ರತಿಕಾಯದ ಸುಳಿವು ಕೊಳವೆಯಲ್ಲಿ ಸಿಗದೆ, ನಿಮ್ಮ ಆ ಉತ್ತರದಲ್ಲಿ ಸಿಕ್ಕೀತು. ಕಳೆದ ಮೂರು ತಿಂಗಳೊಳಗೆ ರಕ್ತ ಪಡೆದವರು ಮತ್ತು ಗರ್ಭಿಣಿಯರ ವಿಷಯದಲ್ಲಿ ಮೂರು ದಿನಗಳಿಗಿಂತ ಹಳೆಯ ಮಾದರಿಯನ್ನು ಕ್ರಾಸ್ ಮ್ಯಾಚ್‌ಗೆ ಬಳಸುವುದಿಲ್ಲ, ಹೊಸದಾಗಿ ತೆಗೆಯುತ್ತೇವೆ.